ಡೋಲು ಮುಟ್ಟದ ತಿಂಗಳು

ಮಾರ್ಚ್ 9, ಭಾನುವಾರ

ಡಾಕ್ಟರಮ್ಮ ಹೇಳಿದ್ದಕ್ಕೆ ಬರೆಯುತ್ತಿದ್ದೇನೆ. ಬಿ.ಪಿ. ಜಾಸ್ತಿಯಾಗಿದೆಯಂತೆ. "ಜನರ ಮೇಲೆ ಕೂಗಾಡೋ ಬದಲು ಅದನ್ನೆಲ್ಲ ಒಂದು ಕಡೆ ಬರೆದಿಡಿ" ಅಂದಳು. ಕೂಗಾಡದೆ ಮೀನು ಮಾರೋದು ಹೇಗೆ ಅಂತ ಅವಳಿಗೇನು ಗೊತ್ತು! ಘಾನಾದ ಆಕ್ರಾದಲ್ಲಿ, ನಮ್ಮ ಬುಕೋಮ್ ಕೇರಿಯ ಹೆಂಗಸಿಗೆ ಗಂಟಲೇ ಆಸ್ತಿ. ಇರಲಿ, ಇವತ್ತು ಬೈಸಿಕೊಳ್ಳಬೇಕಾದವರು ಬಹಳ ಜನ ಇದ್ದಾರೆ. ಬರೆದೇ ಬೈಯುತ್ತೇನೆ.

ನಿನ್ನೆ ನಮ್ಮ ಒಡಾರ್ತೇಯ ಬಾಕ್ಸಿಂಗ್ ಪಂದ್ಯ ಫಿಲಡೆಲ್ಫಿಯಾದಲ್ಲಿತ್ತು. ಎದುರಿನವನ ಒಂದು ಏಟೂ ಇವನ ಮುಖಕ್ಕೆ ನೆಟ್ಟಗೆ ಬೀಳಲಿಲ್ಲ. ಗುದ್ದು ಬಂತು ಅನ್ನುವಷ್ಟರಲ್ಲಿ ಇವನು ಅಲ್ಲಿಲ್ಲ, ಪಕ್ಕದಲ್ಲಿದ್ದಾನೆ, ಪಕ್ಕೆಗೆ ಎರಡು ಕೊಟ್ಟು ಮತ್ತೆ ಮಾಯ. ನೋಡುತ್ತಾ ನೋಡುತ್ತಾ ನನಗೆ ಕಣ್ಣು ತುಂಬಿ ಬಂತು. ಆರನೇ ಸುತ್ತಿಗೆ ಜನ 'ಬೂ' ಅಂತ ಕೂಗೋಕೆ ಶುರು ಮಾಡಿದರು. ಗೆಲ್ಲುತ್ತಿರೋನಿಗೆ! ನನ್ನ ಹಿಂದೆ ಕೂತಿದ್ದ ಬಿಯರ್ ಹೊಟ್ಟೆಯ ಗಡವನೊಬ್ಬ "ಹೊಡೆದಾಡೋ, ಡ್ಯಾನ್ಸ್ ಮಾಡಬೇಡ" ಅಂದ. ತಿರುಗಿ ನಮ್ಮ ಗಾ ಮಾತಿನಲ್ಲಿ ಅವನ ಅಜ್ಜಿ, ಮುತ್ತಜ್ಜಿ ಎಲ್ಲರನ್ನೂ ವಿಚಾರಿಸಿಕೊಂಡೆ. ಅವನಿಗೆ ಒಂದು ಅಕ್ಷರವೂ ತಿಳಿಯಲಿಲ್ಲ, ಅದೊಂದೇ ಬೇಜಾರು.

ಇದೇ 'ಬೂ'ವನ್ನು ಆಯಿಕ್ವೇಗೂ ಕೂಗಿದ್ದರು. ನನ್ನ ಗಂಡ. ಬುಕೋಮಿನ ಬೀದಿಯಲ್ಲಿ ಅವನು ನಡೆದು ಹೋದರೆ ಮಕ್ಕಳು ಹಿಂದೆ ಓಡುತ್ತಿದ್ದವು, ಹೆಂಗಸರು ಒಲೆ ಮೇಲಿನ ಎಣ್ಣೆ ಮರೆಯುತ್ತಿದ್ದರು. ಇಲ್ಲಿಗೆ ಬಂದು ವರ್ಷಗಟ್ಟಲೆ ಆಡಿದ, ಸೋತದ್ದಕ್ಕಿಂತ ಗೆದ್ದದ್ದೇ ಹೆಚ್ಚು. ಕೊನೆಗೆ ಗೋದಾಮಿನಲ್ಲಿ ಪೆಟ್ಟಿಗೆ ಎತ್ತುತ್ತಾ ಸತ್ತ. ನಾವಿರೋ ಈ ಬ್ರಾಂಕ್ಸಿನಲ್ಲಿ ಒಂದು ನಾಯಿಗೂ ಅವನ ಹೆಸರು ಗೊತ್ತಿಲ್ಲ. ಅವನು ಹೋದ ಮೇಲೆ ನಾನು ಆಕ್ರಾಗೆ ಕಾಲಿಟ್ಟಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗಲಿ? "ಎಲ್ಲಿ ಕೊರ್ಕೊರ್, ನಿನ್ನ ಚಾಂಪಿಯನ್ನು?" ಅಂತ ಯಾರಾದರೂ ಕೇಳಿದರೆ ಏನು ಹೇಳಲಿ?

ಒಡಾರ್ತೇ ಆಯಿಕ್ವೇಯ ತಮ್ಮನ ಮಗ. ಇಲ್ಲಿಗೆ ಬಂದಾಗಿನಿಂದ ನನ್ನ ಮನೆಯಲ್ಲೇ ಇದ್ದಾನೆ. ಊರಲ್ಲಿರೋ ಹೆತ್ತವಳಿಗೂ 'ಆವೋ' ಅಂತಾನೆ, ನನಗೂ 'ಆವೋ' ಅಂತಾನೆ. ಇಬ್ಬರು ಅಮ್ಮಂದಿರ ಮಗ. ಇವನಿಗೂ ದೊಡ್ಡಪ್ಪನ ಗತಿ ಆಗೋಕೆ ನಾನು ಬಿಡಲ್ಲ.

ಮಾರ್ಚ್ 18, ಮಂಗಳವಾರ

ಸಾಲ್ ನನ್ನ ಮೀನಿನ ಅಂಗಡಿಗೆ ಬಂದಿದ್ದ. ಒಡಾರ್ತೇಯ ಮ್ಯಾನೇಜರ್. ಕೆಂಕೆ ಕೊಟ್ಟರೆ ಮುಖ ಹಿಂಡುತ್ತಾನೆ, ಜೋಳದ ಹಿಟ್ಟು ಹುಳಿ ಬರಿಸಿ ಬೇಯಿಸಿದ್ದು ಇಟಲಿಯವರ ನಾಲಿಗೆಗೆ ಹಿಡಿಸಲ್ಲ. ಕರಿದ ಮೀನಿಗೆ ಮಾತ್ರ ಪ್ರಾಣ ಬಿಡುತ್ತಾನೆ. ಎರಡು ಮೀನು ಮುಗಿಸಿ ಬೆರಳು ಚೀಪುತ್ತಾ ಅಂದ, "ಕೊರ್ಕೊರ್, ನಿಮ್ಮ ಹುಡುಗನಂಥ ಬಾಕ್ಸರ್ ನನ್ನ ಕೈಗೆ ಯಾವತ್ತೂ ಸಿಕ್ಕಿರಲಿಲ್ಲ. ಆದ್ರೆ ಮಾರೋಕೆ ಆಗ್ತಿಲ್ಲ ಕಣಮ್ಮ."

"ಅವನೇನು ಟೊಮೇಟೋನಾ ಮಾರೋಕೆ?"

"ಟೊಮೇಟೋ ಆಗಿದ್ರೆ ಎಂದೋ ಮಾರಿರ್ತಿದ್ದೆ" ಅಂದ. ಆಮೇಲೆ ಮನಸ್ಸು ಬಿಚ್ಚಿ ಮಾತಾಡಿದ. "ನೋಡಿ, ಇಲ್ಲೇ ಪಕ್ಕದ ಯಾಂಕರ್ಸಿನ ಹುಡುಗ ಆಡ್ತಾನೆ ಅಂದ್ರೆ ಅವನ ಬೀದಿಯೇ ಎದ್ದು ಬರುತ್ತೆ. ಪಾಠ ಹೇಳಿದ ಮೇಷ್ಟ್ರು, ಕೂದಲು ಕತ್ತರಿಸೋನು, ಬಿಟ್ಟುಹೋದ ಹುಡುಗಿ, ಎಲ್ಲಾ. ಮೆಕ್ಸಿಕೋದವನಿಗೆ ಅರ್ಧ ಕ್ಯಾಲಿಫೋರ್ನಿಯಾ ಇದೆ. ನಿಮ್ಮವನಿಗೆ ಯಾರಿದ್ದಾರೆ? ಹೊರಗಿಂದ ಬಂದವನ ಕೈಚಳಕ ನೋಡೋಕೆ ಇಲ್ಲಿಯವರು ಟಿಕೆಟ್ ತಗೊಳ್ಳಲ್ಲ. ನಮ್ಮವನು ಅನ್ನಿಸಬೇಕು, ಇಲ್ಲಾ ಇವನು ಹೊಡೆಸಿಕೊಳ್ಳಲಿ ಅಂತಾದ್ರೂ ಅನ್ನಿಸಬೇಕು. ನಿಮ್ಮವನು ಮೈಕು ಕೊಟ್ರೆ 'ಥ್ಯಾಂಕ್ಯೂ, ದೇವರು ದೊಡ್ಡವನು' ಅಂತ ಕೆಳಗಿಳಿದು ಬರ್ತಾನೆ. ಏಟು ತಪ್ಪಿಸಿಕೊಳ್ಳೋದು ವಿದ್ಯೆ ಅಂತ ನಿಮಗೆ ಗೊತ್ತು, ನನಗೆ ಗೊತ್ತು. ಬಿಯರ್ ಹಿಡಿದು ಕೂತವನಿಗೆ ರಕ್ತ ಬೇಕು."

ನನ್ನ ಗಂಡನಿಗೆ ಇಪ್ಪತ್ತೈದು ವರ್ಷದ ಹಿಂದೆ ಇದನ್ನು ಯಾರೂ ಇಷ್ಟು ಬಿಡಿಸಿ ಹೇಳಲಿಲ್ಲ. "ನಿನ್ನ ಸರದಿ ಬರುತ್ತೆ" ಅಂತ ಬೆನ್ನು ತಟ್ಟಿ ಕಳಿಸುತ್ತಿದ್ದರು. ಪಾಪ, ಅವನು ಕಾಯ್ದ.

ವಿಷಯ ಇಷ್ಟು. ಟಿವಿಯವರು ಒಂದು ಪಂದ್ಯ ನೋಡುತ್ತಾರೆ. ಎದುರಾಳಿ ಯಾಂಕರ್ಸಿನ ಟಿಮ್ ರಾಫ್ಟರಿ, ಬೆಂಕಿ ಆರಿಸೋ ದಳದವನು, ಅವನ ಹಿಂದೆ ಇಡೀ ಠಾಣೆ ಬರುತ್ತದೆ. ಒಡಾರ್ತೇಗೂ ಜನ ಇದ್ದಾರೆ, ಗದ್ದಲ ಇದೆ ಅಂತ ಕಂಡರೆ ಟಿವಿ ಒಪ್ಪಂದ. ಇಲ್ಲದಿದ್ದರೆ ಜೂನ್‌ಗೆ ಸಾಲ್ ಜೊತೆಗಿನ ಕರಾರೂ ಮುಗಿಯಿತು, ವೀಸಾನೂ ಮುಗಿಯಿತು, ಹುಡುಗ ವಿಮಾನ ಹತ್ತಬೇಕು.

"ನಿಮ್ಮ ಜನ ಡೋಲು ಬಾರಿಸ್ತಾರಂತಲ್ಲ, ಅದನ್ನೇ ತನ್ನಿ" ಅಂದ ಸಾಲ್. "ಕಿವಿ ಕಿತ್ತು ಹೋಗಬೇಕು. ಮೇ ಇಪ್ಪತ್ನಾಲ್ಕು, ಶನಿವಾರ. ನಿಮ್ಮವರಿಗೆ ಬಿಡುವಿರುತ್ತಾ?"

ಒಂದು ಕ್ಷಣವೂ ಯೋಚಿಸಲಿಲ್ಲ ನಾನು. ವರ್ಷವಿಡೀ ನಮ್ಮವರಿಗೆ ಶನಿವಾರ ಅಂದರೆ ಸತ್ತವರ ಹೆಸರಲ್ಲಿ ಊಟ, ಕುಣಿತ, ಮಗುವಿಗೆ ಹೆಸರಿಡೋದು. ಮೇ ಮಧ್ಯದಿಂದ ಒಂದು ತಿಂಗಳು ಮಾತ್ರ ಏನೂ ಇರಲ್ಲ. ಆಗ ನಾನೂ ಮೀನು ಕಡಿಮೆ ತರಿಸುತ್ತೇನೆ. "ಎಲ್ಲರಿಗೂ ಬಿಡುವು ಕಣಯ್ಯಾ! ಬಸ್ಸು ತುಂಬಿಸಿಕೊಂಡು ಬರ್ತೀನಿ" ಅಂದೆ. ಸಾಲ್ ನನ್ನ ಕೈ ಕುಲುಕಿದ. ಅವನ ಕೈಯೆಲ್ಲ ಎಣ್ಣೆ.

ಏಪ್ರಿಲ್ 3, ಗುರುವಾರ

ಪತ್ರಿಕೆಯವರ ಮುಂದೆ ಇಬ್ಬರನ್ನೂ ಕೂರಿಸಿದ್ದರು. ರಾಫ್ಟರಿ ಕೆಂಪು ಮುಖದ ಹುಡುಗ, ನೋಡೋಕೆ ಸಭ್ಯಸ್ಥ. ಬಾಯಿ ಬಿಟ್ಟರೆ ಪಟಾಕಿ. "ಇವನನ್ನ ಹೊಡೆಯೋಕೆ ಮುಂಚೆ ಹಿಡಿಯಬೇಕು, ಬಲೆ ತರ್ತೀನಿ" ಅಂದ. ಎಲ್ಲರೂ ನಕ್ಕರು. ಒಡಾರ್ತೇಯ ಕಡೆ ಮೈಕು ಬಂತು. ಇವನು ಟೇಬಲ್ ನೋಡಿಕೊಂಡು, "ಥ್ಯಾಂಕ್ಯೂ. ರಾಫ್ಟರಿ ಒಳ್ಳೆ ಬಾಕ್ಸರ್. ದೇವರು ದೊಡ್ಡವನು" ಅಂದು ಮುಗಿಸಿದ. ಕ್ಯಾಮೆರಾದವರು ಗಂಟುಮೂಟೆ ಕಟ್ಟಿದರು. ಸಾಲ್ ಹಣೆ ಹಿಡಿದುಕೊಂಡು ಕೂತ.

ಮನೆಗೆ ಬಂದು ಕೆಂಕೆಗೆ ಸುತ್ತಿದ ಸಿಪ್ಪೆ ಬಿಚ್ಚುತ್ತಾ ಕೂತಾಗ ಬಾಯಿ ಬಂತು ನೋಡಿ ನಮ್ಮ ರಾಜನಿಗೆ. "ಬಲೆ ತರ್ತಾನಂತೆ ಆವೋ! ನಾನು ಹುಟ್ಟಿದ್ದೇ ಬಲೆ ಹೆಣೆಯೋರ ಮನೇಲಿ. ಮೀನು ಯಾವುದು, ಬಲೆ ಯಾವುದು ಅಂತ ಅವನಿಗೆ ಇಪ್ಪತ್ನಾಲ್ಕಕ್ಕೆ ತೋರಿಸ್ತೀನಿ. ಬೆಂಕಿ ಆರಿಸೋನಂತೆ. ನಾನು ಹಚ್ಚೋದನ್ನ ಆರಿಸೋಕೆ ಸಮುದ್ರಾನೇ ತರಬೇಕು." ಎದ್ದು ನಿಂತು ರಾಫ್ಟರಿ ನಡೆಯೋದನ್ನ ಮಾಡಿ ತೋರಿಸಿದ, ಬಾತುಕೋಳಿ ಹಾಗೆ ಪಾದ ಹೊರಗೆ ಹಾಕಿಕೊಂಡು. ನಕ್ಕು ನಕ್ಕು ನನಗೆ ಬಿಕ್ಕಳಿಕೆ ಬಂತು.

"ಇದನ್ನ ಅಲ್ಲಿ ಹೇಳೋಕೇನಾಗಿತ್ತು ನಿನಗೆ ದೊಡ್ಡ ರೋಗ?" ಅಂದೆ.

"ಇಂಗ್ಲಿಷಲ್ಲಿ ಹೇಳೋಕೆ ಹೋದ್ರೆ ಅರ್ಧ ದಾರೀಲೇ ತಂಗಳಾಗುತ್ತೆ ಆವೋ. ಅಲ್ಲಿ ನಾನು ನಾನಾಗಿರಲ್ಲ."

ಆಯಿಕ್ವೇನೂ ಹಾಗೇ. ಬುಕೋಮಿನಲ್ಲಿ ಅವನು ರಿಂಗಿನೊಳಗಿಂದ ಎರಡು ಮಾತು ಆಡಿದರೆ ಆ ಮಾತು ಮಾರನೇ ದಿನ ಮೀನು ಮಾರುಕಟ್ಟೆಯಲ್ಲಿ ಓಡಾಡುತ್ತಿತ್ತು. ಎದುರಾಳಿಯ ತಾಯಿ ಕೂಡ ನಕ್ಕಿದ್ದುಂಟು. ಇಲ್ಲಿ ಅವನನ್ನು ಕಂಡವರು 'ಸ್ವಲ್ಪ ಮಂಕು, ಪಾಪ' ಅಂದುಕೊಂಡಿದ್ದರು. ನನ್ನ ಆಯಿಕ್ವೇನ!

ಏಪ್ರಿಲ್ 20, ಭಾನುವಾರ, ಈಸ್ಟರ್

ಚರ್ಚಿನ ಬಾಗಿಲಲ್ಲೇ ನಿಂತು ಟಿಕೆಟ್ ಮಾರಿದೆ. ಏಸು ಎದ್ದ ದಿನ, ಯಾರೂ ಇಲ್ಲ ಅನ್ನೋಕೆ ಆಗಲಿಲ್ಲ. ಇಲ್ಲ ಅಂದವರಿಗೆ ಮುಂದಿನ ವಾರ ಮೀನಿಲ್ಲ ಅಂದೆ. ಬಸ್ಸು ತುಂಬುತ್ತದೆ.

ಆಮೇಲೆ ಲಾರ್ಯೇ ಅತಾನ ಮನೆಗೆ ಹೋದೆ. ಇಡೀ ಬ್ರಾಂಕ್ಸಿನ ಗಾ ಜನಕ್ಕೆ ಹಿರಿಯ, ಎಲ್ಲರಿಗೂ ಅತಾ, ಅಂದರೆ ಅಪ್ಪ. ಟ್ಯಾಕ್ಸಿ ಓಡಿಸಿ ನಿವೃತ್ತನಾದ ಮುದುಕ, ಡೋಲಿನ ತಂಡ ಅವನದೇ. "ಅತಾ, ಮೇ ಇಪ್ಪತ್ನಾಲ್ಕಕ್ಕೆ ನಿನ್ನ ತಂಡ ಬೇಕು" ಅಂದೆ.

ಅತಾ ಟೀ ಲೋಟ ಕೆಳಗಿಟ್ಟ. "ಇಪ್ಪತ್ನಾಲ್ಕಾ?"

"ಹೂಂ. ಶನಿವಾರ. ಎಲ್ಲರಿಗೂ ಬಿಡುವು."

"ಎಲ್ಲರಿಗೂ ಬಿಡುವು" ಅಂತ ಅತಾನೂ ಅಂದ. "ಯಾಕೆ ಬಿಡುವು ಅಂತ ಒಂದು ಸಲ ಯೋಚನೆ ಮಾಡಿದ್ಯಾ ಮಗಳೇ?"

ಆಗ ಹೊಳೆಯಿತು. ಆ ತಿಂಗಳು ಊರಲ್ಲಿ ಪೂಜಾರಿಗಳು ಮೆಕ್ಕೆಜೋಳ ಬಿತ್ತಿರುತ್ತಾರೆ. ಬಿತ್ತಿದ್ದು ಮೊಳೆತು ಮೇಲೆ ಬರೋವರೆಗೂ ಡೋಲು ಮುಟ್ಟಬಾರದು, ಚಪ್ಪಾಳೆ ತಟ್ಟಬಾರದು, ಸತ್ತವರಿಗೂ ಗಟ್ಟಿಯಾಗಿ ಅಳಬಾರದು. ಅದಕ್ಕೇ ಊಟ ಇಲ್ಲ, ಕುಣಿತ ಇಲ್ಲ. ಅದಕ್ಕೇ ನನ್ನ ಮೀನು ಕಡಿಮೆ. ಹುಟ್ಟಿದಾಗಿನಿಂದ ಪಾಲಿಸಿಕೊಂಡು ಬಂದದ್ದನ್ನು ನಾನು ಅಂಗಡಿಯ ಲೆಕ್ಕಕ್ಕೆ ಇಳಿಸಿಬಿಟ್ಟಿದ್ದೆ.

"ಅತಾ, ನಾವಿರೋದು ಬ್ರಾಂಕ್ಸಿನಲ್ಲಿ! ಇಲ್ಲಿ ಯಾರು ಜೋಳ ಬಿತ್ತಿದ್ದಾರೆ? ಪೂಜಾರಿಗಳಿಗೆ ಇಲ್ಲಿವರೆಗೂ ಕಿವಿ ಕೇಳುತ್ತಾ?"

"ನನಗೆ ಕೇಳುತ್ತಲ್ಲ" ಅಂದ ಮುದುಕ. ಹುಡುಗನ ಬಾಳು ಹೋಗುತ್ತೆ ಅಂತ ಕೂಗಾಡಿದೆ, ಬಾಗಿಲು ದಡಾರನೆ ಎಳೆದುಕೊಂಡು ಬಂದೆ. ಬಿ.ಪಿ. ಏರಲಿ, ಸಾಯಲಿ.

ಏಪ್ರಿಲ್ 22, ಮಂಗಳವಾರ

ಗಾ ಡೋಲು ಬೇಡವಾದರೆ ಬೇಡ. ಘಾನಾದಲ್ಲಿ ಗಾ ಜನ ಒಬ್ಬರೇನಾ ಇರೋದು? ಒಫೋರಿಯ ಹೋಟೆಲಿಗೆ ಹೋದೆ. ಅಸಾಂಟೆಯವನು, ಒಳನಾಡಿನ ಕಾಡಿನ ಕಡೆಯ ಜನ, ಅವರಿಗೆ ಈ ಕಟ್ಟಳೆ ಇಲ್ಲ. ವಿಷಯ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ.

"ಗಾ ಹುಡುಗನ ಮುಂದೆ ಅಸಾಂಟೆ ಡೋಲು! ನಮ್ಮ ತಾತ ಗೋರಿಯಿಂದ ಎದ್ದು ಬರ್ತಾನೆ ಕೊರ್ಕೊರ್."

"ಬರಲಿ, ಅವನಿಗೂ ಒಂದು ಟಿಕೆಟ್ ಕೊಡ್ತೀನಿ."

"ಮೀನು ತಿನ್ನೋ ಜನಕ್ಕೆ ಕೊನೆಗೂ ಕಾಡಿನವರೇ ಗತಿ ಅಂತ ಒಪ್ಕೋ."

"ಒಪ್ಪಿದೆ ಮಾರಾಯ. ಎಷ್ಟು ಡೋಲು ತರ್ತೀಯ ಹೇಳು."

ಎಂಟು ತರುತ್ತಾನಂತೆ. ಬದುಕಿಕೊಂಡೆ.

ಮೇ 12, ಸೋಮವಾರ

ಇವತ್ತಿನಿಂದ ಊರಲ್ಲಿ ಸದ್ದು ನಿಂತಿದೆ. ಒಡಾರ್ತೇಯ ತಾಯಿ ದೇದೇ ಫೋನ್ ಮಾಡಿದ್ದಳು. ಮಾತಿನ ನಡುವೆ ಫೋನಿನಲ್ಲಿ ಸಮುದ್ರ ಕೇಳಿಸಿತು. ಬೇರೆ ತಿಂಗಳಲ್ಲಿ ಬುಕೋಮಿಗೆ ಫೋನ್ ಮಾಡಿದರೆ ರೇಡಿಯೋ, ಜಗಳ, ಹಾರ್ನು, ಪಕ್ಕದ ಮನೆ ಪ್ರಾರ್ಥನೆ, ಎಲ್ಲ ಒಟ್ಟಿಗೆ ಕೇಳುತ್ತದೆ. ಸಮುದ್ರ ಅಲ್ಲಿ ಅಷ್ಟು ಹತ್ತಿರ ಇದೆ ಅನ್ನೋದೇ ಮರೆತಿದ್ದೆ.

ಚಿಕ್ಕವಳಿದ್ದಾಗ ನನಗೆ ಆ ತಿಂಗಳು ಬಹಳ ಇಷ್ಟ. ಅಮ್ಮ ಪಾತ್ರೆ ಇಡುವಾಗಲೂ ಕೆಳಗೆ ಬಟ್ಟೆ ಹಾಸುತ್ತಿದ್ದಳು. ದೊಡ್ಡವರು ಜಗಳವನ್ನೂ ಪಿಸುಮಾತಲ್ಲಿ ಆಡುತ್ತಿದ್ದರು, ಅದನ್ನು ನೋಡಿ ನಾವು ಮಕ್ಕಳು ಬಾಯಿಗೆ ಬಟ್ಟೆ ತುರುಕಿಕೊಂಡು ನಗುತ್ತಿದ್ದೆವು. ಆಯಿಕ್ವೇ ನನ್ನ ಹಿಂದೆ ಬಿದ್ದದ್ದೂ ಅಂಥದೇ ಒಂದು ಮೇ ತಿಂಗಳಲ್ಲಿ. ನಾನು ಹೊಗೆಯಲ್ಲಿ ಮೀನು ಒಣಗಿಸುತ್ತಾ ಕೂತಿರುತ್ತಿದ್ದೆ. ಗೋಡೆಯಾಚೆ ಅವನು ಬರಿಗಾಲಲ್ಲಿ ಹಗ್ಗ ಆಡುತ್ತಿದ್ದ. ಊರೆಲ್ಲ ಸುಮ್ಮನಿದ್ದಾಗ ಆ ಹಗ್ಗ ನೆಲಕ್ಕೆ ತಾಗೋದು, ಅವನ ಪಾದ ಮರಳಿಗೆ ಬೀಳೋದು ಅಷ್ಟೇ ಸದ್ದು. ಮುಖ ನೋಡೋ ಮುಂಚೆ ಅವನ ಕಾಲಿನ ಸದ್ದಿಗೇ ಸೋತುಹೋದೆ ನಾನು. ಇದನ್ನು ಅವನಿಗೆ ಯಾವತ್ತೂ ಹೇಳಲಿಲ್ಲ. ಹೇಳಬೇಕಿತ್ತು.

ಸಂಜೆ ಒಡಾರ್ತೇ ಪಕ್ಕದಲ್ಲಿ ಬಂದು ಕೂತ. "ಆವೋ, ಆ ಡೋಲಿನವರನ್ನ ಬೇಡ ಅನ್ನು."

"ಯಾಕಂತೆ?"

"ಊರಲ್ಲಿ ಅಮ್ಮ ಚಪ್ಪಾಳೆ ಕೂಡ ತಟ್ಟದೆ ಕೂತಿರ್ತಾಳೆ. ನಾನು ಇಲ್ಲಿ ಎಂಟು ಡೋಲು ಬಡಿಸಿಕೊಂಡು ಒಳಗೆ ಬರಲಾ? ಅವಳು ಫೋನಿನಲ್ಲಿ ನೋಡ್ತಾಳೆ. ನನ್ನ ಕಾಲು ಓಡಲ್ಲ ಆವೋ."

ಮೈ ಉರಿದುಹೋಯಿತು. "ಹಾಗಾದ್ರೆ ಊರಿಗೆ ಹೋಗಿ ಬಲೆ ಹೆಣಿ! ನಿನ್ನ ದೊಡ್ಡಪ್ಪನೂ ಹೀಗೇ, ಮರ್ಯಾದಸ್ಥ, ಮಾತಿಲ್ಲ ಕತೆಯಿಲ್ಲ. ಏನು ಸಿಕ್ಕಿತು ಅವನಿಗೆ? ಪೆಟ್ಟಿಗೆ ಎತ್ತಿದ!" ಅಂದೆ. ಇನ್ನೂ ಏನೇನೋ ಅಂದೆ. ಹುಡುಗ ಎದ್ದು ಹೋದ.

ಮೇ 14, ಬುಧವಾರ

ಮಾತಿಲ್ಲ. ಊಟ ಮುಚ್ಚಿಟ್ಟೆ. ತಿಂದಿದ್ದಾನೆ.

ಮೇ 16, ಶುಕ್ರವಾರ

ಮಾತಿಲ್ಲ. ಸಾಲ್ ಫೋನ್ ಮಾಡಿ "ಡೋಲು ಇದೆಯಲ್ಲ?" ಅಂದ. ಇದೆ ಅಂದೆ.

ಮೇ 20, ಮಂಗಳವಾರ

ಒಡಾರ್ತೇ ಊಟದ ಡಬ್ಬಿ ಮರೆತು ಹೋಗಿದ್ದ. ಬೇಕಂತಲೇ ಬಿಟ್ಟನೋ ಏನೋ. ತಗೊಂಡು ಜಿಮ್ಮಿಗೆ ಹೋದೆ. ಯಾವಾಗಲೂ ಅಲ್ಲಿ ಹಾಡು ಕಿರುಚುತ್ತಿರುತ್ತದೆ, ಇವತ್ತು ಸ್ಪೀಕರ್ ಕೆಟ್ಟಿತ್ತು. ಒಬ್ಬನೇ ಹಗ್ಗ ಆಡುತ್ತಿದ್ದ, ಬರಿಗಾಲಲ್ಲಿ, ಬೆನ್ನು ನನ್ನ ಕಡೆಗೆ. ನಾನು ಬಾಗಿಲ ಹತ್ತಿರ ಬೆಂಚಿನ ಮೇಲೆ ಕೂತೆ. ಎಷ್ಟು ಹೊತ್ತು ಕೂತೆನೋ, ಡಬ್ಬಿ ಆರಿಹೋಗಿತ್ತು. ಕೊಟ್ಟು ಬಂದೆ. "ಉಪ್ಪು ಕಮ್ಮಿಯಾಗಿದೆ ನೋಡ್ಕೋ" ಅಂದೆ. ಅವನು "ಸರಿ ಆವೋ" ಅಂದ. ಅಷ್ಟೇ.

ದಾರಿಯಲ್ಲಿ ಒಫೋರಿಯ ಹೋಟೆಲಿಗೆ ಹೋದೆ, ಶನಿವಾರ ಆರಕ್ಕೆಲ್ಲ ಬಾ ಅಂತ ಹೇಳೋಕೆ. ಬರಬೇಡ ಅಂತ ಹೇಳಿ ಬಂದೆ.

"ಪೂಜಾರಿಗಳಿಗೆ ಹೆದರಿದ್ಯಾ?" ಅಂತ ಒಫೋರಿ ಕಿಚಾಯಿಸಿದ.

"ತಲೆ ನೋವು ಕಣೋ. ಎಂಟು ಡೋಲು ಕೇಳೋಕೆ ಆಗಲ್ಲ" ಅಂದೆ. ತಲೆ ನಿಜವಾಗಿಯೂ ನೋಯುತ್ತಿದೆ.

ಮೇ 25, ಭಾನುವಾರ

ಚರ್ಚಿಗೆ ಹೋಗಲಿಲ್ಲ. ಬರೆಯೋದು ಬಹಳ ಇದೆ.

ನಿನ್ನೆ ಬಸ್ಸುಗಳು ತುಂಬಿದ್ದವು. ಡೋಲಿಲ್ಲ ಅಂದ ಮೇಲೆ ಲಾರ್ಯೇ ಅತಾನೂ ಬಂದ, ಟೋಪಿ ತೊಡೆ ಮೇಲಿಟ್ಟುಕೊಂಡು ಮುಂದಿನ ಸಾಲಲ್ಲಿ ಕೂತ. ನಮ್ಮವರೆಲ್ಲ ಭಾನುವಾರದ ಬಟ್ಟೆ ಹಾಕಿಕೊಂಡು ಒಂದು ಕಡೆ. ಆ ಕಡೆ ರಾಫ್ಟರಿಯ ಠಾಣೆ, ಹಸಿರು ಅಂಗಿ, ಕೊಂಬು, ಬಿಯರು, ಹಾಡು. ಸಾಲ್ ಓಡಿ ಬಂದ, ಮುಖದಲ್ಲಿ ರಕ್ತ ಇರಲಿಲ್ಲ.

"ಡೋಲೆಲ್ಲಿ? ಇವರ್ಯಾಕೆ ಹೀಗೆ ಕೂತಿದ್ದಾರೆ? ಯಾರಿಗಾದ್ರೂ ಹುಷಾರಿಲ್ವಾ?"

"ಎಲ್ಲರೂ ಹುಷಾರಾಗಿದ್ದಾರೆ. ಬಂದಿದ್ದಾರಲ್ಲ, ಅಷ್ಟು ಸಾಕು" ಅಂದೆ. ಅವನಿಗೆ ಹೇಗೆ ಹೇಳಲಿ?

ರಾಫ್ಟರಿ ಬಂದಾಗ ಕಟ್ಟಡ ಬೀಳುತ್ತದೆ ಅನ್ನಿಸಿತು. ಒಡಾರ್ತೇ ಬಂದ. ಒಂದು ಚಪ್ಪಾಳೆ ಇಲ್ಲ. ಆ ಕಡೆಯವರು ನಮ್ಮತ್ತ ಬೆರಳು ತೋರಿಸಿ "ಸಾವಿಗೆ ಬಂದಿದ್ದೀರಾ?" ಅಂತ ನಕ್ಕರು. ಚಪ್ಪಾಳೆ ತಟ್ಟೋಕೆ ನನ್ನ ಕೈ ಎರಡು ಸಲ ಮೇಲೆದ್ದಿತು. ತಲೆಯ ಬಟ್ಟೆ ಬಿಚ್ಚಿ ಕೈಗೆ ಸುತ್ತಿಕೊಂಡೆ.

ಮೊದಲ ಸುತ್ತು ನನಗೆ ನೋಡೋಕೇ ಆಗಲಿಲ್ಲ. ಆಮೇಲೆ ನೋಡಿದೆ. ನೋಡುತ್ತಾ ನೋಡುತ್ತಾ ಆ ಕಡೆಯ ಕೊಂಬು, ಹಾಡು ಎಲ್ಲ ಎಲ್ಲೋ ದೂರ ಹೋಯಿತು. ನಮ್ಮ ಸಾಲುಗಳಲ್ಲಿ ಒಬ್ಬರೂ ಉಸಿರೆತ್ತುತ್ತಿರಲಿಲ್ಲವಲ್ಲ, ಒಡಾರ್ತೇಯ ಬೂಟು ಹಾಸಿನ ಮೇಲೆ ಸರಿಯೋದು ಕೂಡ ಕೇಳುತ್ತಿತ್ತು. ರಾಫ್ಟರಿ ಬಾಗಿಲು ಮುರಿಯೋ ಹಾಗೆ ಗುದ್ದು ಬೀಸುತ್ತಾನೆ, ಇವನು ಭುಜ ಒಂದು ಬೆರಳಷ್ಟು ಕೆಳಗೆ ಮಾಡುತ್ತಾನೆ, ಗುದ್ದು ಗಾಳಿಗೆ ಹೋಗುತ್ತದೆ. ಇಪ್ಪತ್ತೈದು ವರ್ಷ ನಾನು ಪಂದ್ಯಕ್ಕೆ ಹೋಗಿದ್ದೇನೆ, ಕೂಗಿದ್ದೇನೆ. ನೋಡಿದ್ದು ಕಡಿಮೆ ಅಂತ ಕಾಣುತ್ತದೆ.

ನಾಲ್ಕನೇ ಸುತ್ತು ಮುಗಿದು ನಮ್ಮ ಕಡೆಯ ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂತ. ಬಾಯಿಂದ ಹಲ್ಲಿನ ರಬ್ಬರು ತೆಗೆದರು. ನಮ್ಮ ಕಡೆ ತಿರುಗಿ, ಮಾಮೂಲಿ ದನಿಯಲ್ಲಿ, ಗಾ ಮಾತಲ್ಲಿ ಅಂದ, "ಅತಾ, ಈ ಅಣ್ಣ ನನ್ನ ಹೊಡೀತಿದ್ದಾನಾ, ಸೊಳ್ಳೆ ಓಡಿಸ್ತಿದ್ದಾನಾ?"

ನಾವು ಸುಮ್ಮನಿದ್ದದ್ದಕ್ಕೆ ಹಿಂದಿನ ಸಾಲಿನವರೆಗೂ ಕೇಳಿಸಿತು. ಅಯ್ಯೋ ದೇವರೇ! ನೂರಾರು ಜನ ಬಾಯಿಗೆ ಕೈ, ಬಟ್ಟೆ, ಟೋಪಿ ಅಡ್ಡ ಹಿಡಿದುಕೊಂಡು ಅಲುಗಾಡಿ ಹೋದರು. ಲಾರ್ಯೇ ಅತಾ ಟೋಪಿ ಕಚ್ಚಿ ಹಿಡಿದಿದ್ದ, ಕಣ್ಣಲ್ಲಿ ಬಳಬಳ ನೀರು. ಅಲ್ಲಿಂದ ಪ್ರತಿ ಸುತ್ತಿಗೂ ಒಂದು. "ಆವೋ, ಒಲೆ ಮೇಲೆ ಏನಾದ್ರೂ ಇಟ್ಟು ಬಂದಿದ್ದೀಯಾ? ಬೇಗ ಮುಗಿಸಲಾ?" "ಬೆಂಕಿ ಆರಿಸೋನಿಗೆ ಒಂದು ಲೋಟ ನೀರು ಕೊಡ್ರೋ, ಪಾಪ, ಬೆವೀತಿದ್ದಾನೆ." ಎದುರಿನ ಮೂಲೆಯಿಂದ ರಾಫ್ಟರಿ ಕೂಡ ಏನಂದ ಅಂತ ಕತ್ತು ಚಾಚಿ ನೋಡಿದ. ನನಗೆ ಬುಕೋಮಿನಲ್ಲಿ ಕೂತ ಹಾಗಾಯಿತು. ಹುರಿದ ಮೆಣಸಿನಕಾಯಿಯ ವಾಸನೆ ಕೂಡ ಬಂತು. ಆಯಿಕ್ವೇ ರಿಂಗಿನ ಹಗ್ಗಕ್ಕೆ ಒರಗಿ ಹೀಗೇ ನಮ್ಮ ಕಡೆ ನೋಡಿ ಮಾತಾಡುತ್ತಿದ್ದ. ನಗುತ್ತಾ ಅತ್ತೆನೋ ಅಳುತ್ತಾ ನಕ್ಕೆನೋ ಗೊತ್ತಿಲ್ಲ.

ಮೂವರು ತೀರ್ಪುಗಾರರೂ ಒಡಾರ್ತೇಗೇ ಕೊಟ್ಟರು. ಆ ಕಡೆಯವರು ಬೂ ಅಂದರು, ಕೊಂಬು ಊದಿದರು. ನಮ್ಮವರು ಎದ್ದು ನಿಂತೆವು, ಕೈ ಮೇಲೆತ್ತಿದೆವು, ಹಾಗೇ ನಿಂತೆವು. ಹುಡುಗ ಹಗ್ಗ ಹಿಡಿದುಕೊಂಡು ನಮ್ಮನ್ನೇ ನೋಡುತ್ತಿದ್ದ. ಅವನ ಮುಖ ನೋಡಿದ ಮೇಲೆ ಟಿವಿಯವರು ಎಲ್ಲಿ ಕೂತಿದ್ದಾರೆ ಅಂತ ನಾನು ನೋಡಲೇ ಇಲ್ಲ. ಮನೆಗೆ ಬಂದ ಮೇಲೆ ನೆನಪಾಯಿತು.

ಮೇ 30, ಶುಕ್ರವಾರ

ಸಾಲ್ ಬಂದ. ಕೂರಲಿಲ್ಲ. ಟಿವಿಯವರು ಬೇಡ ಅಂದರಂತೆ.

"ಗೆದ್ದನಲ್ಲ?" ಅಂದೆ.

"ಗೆದ್ದ. ಏನು ಚೆನ್ನಾಗಿ ಗೆದ್ದ! ಆದ್ರೆ ಪರದೆ ಮೇಲೆ ಒಂದು ಕಡೆ ಜಾತ್ರೆ, ಇನ್ನೊಂದು ಕಡೆ ಫೋಟೋ ಹಾಗಿತ್ತಂತೆ. ಒಪ್ಪಂದ ರಾಫ್ಟರಿಗೆ ಕೊಟ್ಟರು."

"ಸೋತವನಿಗೆ?"

"ಸೋತವನಿಗೇ. ಅವನ ಜನ ಕಿರುಚ್ತಾರೆ." ಸಾಲ್‌ ಬಾಗಿಲ ಕಡೆ ನೋಡಿದ. "ಆ ಎಂಟು ಡೋಲು ಬಂದಿದ್ರೆ ಕೊರ್ಕೊರ್..."

"ಅವರನ್ನ ಬರಬೇಡಿ ಅಂದವಳು ನಾನೇ. ತಾರೀಖಿಗೆ ಹೂಂ ಅಂದವಳೂ ನಾನೇ."

ಬೈಯುತ್ತಾನೆ ಅಂದುಕೊಂಡೆ. ಬೈಯಲಿಲ್ಲ. "ನೀವೂ ನನ್ನ ಬೈತಿಲ್ಲ. ಮೈ ಸರಿಯಿದೆ ತಾನೇ?" ಅಂದ.

"ಮೀನು ಆರುತ್ತೆ, ಕೂತು ತಿನ್ನು" ಅಂದೆ. ಕೂತ. ಒಂದೇ ಮೀನು ತಿಂದ.

ಒಡಾರ್ತೇಗೆ ನಾನೇ ಹೇಳಿದೆ. ಪಾತ್ರೆ ತೊಳೆಯುತ್ತಿದ್ದ. ನಲ್ಲಿ ನಿಲ್ಲಿಸಿದ, ಆಮೇಲೆ ಮತ್ತೆ ತಿರುಗಿಸಿ ತೊಳೆದ. ತೊಳೆದದ್ದನ್ನೇ ತೊಳೆದ. "ನನ್ನಿಂದ ಹೋಯ್ತಲ್ಲೋ" ಅಂದೆ. "ಇಲ್ಲ ಆವೋ" ಅಂದ, ಬೆನ್ನು ತಿರುಗಿಸಿಕೊಂಡೇ. ಅವನ ಭುಜ ಅಲುಗುತ್ತಿತ್ತು. ಹೋಗಿ ಹಿಡಿದುಕೊಂಡೆ. ಇಷ್ಟು ದೊಡ್ಡ ಮೈ, ಮಗುವಿನ ಹಾಗೆ ಅತ್ತ. ಅವನಿಗೆ ಇದು ಬೇಕಿತ್ತು. ನನಗೊಬ್ಬಳಿಗೇ ಬೇಕಿತ್ತು ಅಂತ ಯಾಕೆ ಅಂದುಕೊಂಡಿದ್ದೆನೋ.

ಜೂನ್ 5, ಗುರುವಾರ

ಡಾಕ್ಟರಮ್ಮ ಬಿ.ಪಿ. ಇಳಿದದ್ದು ನೋಡಿ, ಯಂತ್ರ ಕೆಟ್ಟಿದೆಯೇನೋ ಅಂತ ಇನ್ನೊಂದರಲ್ಲಿ ನೋಡಿದಳು.

ಜೂನ್ 14, ಶನಿವಾರ

ಗುರುವಾರ ಊರಲ್ಲಿ ಮತ್ತೆ ಡೋಲು ಬಾರಿಸೋಕೆ ಬಿಟ್ಟರು. ಇವತ್ತು ಮಧ್ಯಾಹ್ನ ಲಾರ್ಯೇ ಅತಾನ ಮನೆಯಲ್ಲಿ ಒಡಾರ್ತೇಗೆ ಊಟ ಹಾಕಿ, ತಿಂಗಳ ಬಾಕಿಯನ್ನೆಲ್ಲ ಒಂದೇ ಗಂಟೆಯಲ್ಲಿ ಬಾರಿಸಿದರು. ಒಫೋರಿ ಕರೆಯದೇ ಬಂದ, ಒಂದು ಡೋಲು ಕಿತ್ತುಕೊಂಡು ಕೂತ. ಮೇಲಿನ ಮನೆಯವರು ನೆಲ ಗುದ್ದಿದರು. ಅತಾ ಅದಕ್ಕೂ ತಾಳ ಹಾಕಿದ.

ಸಂಜೆ ವಿಮಾನ ನಿಲ್ದಾಣಕ್ಕೆ ಸಾಲ್ ತನ್ನ ಕಾರಲ್ಲಿ ಕರೆದುಕೊಂಡು ಹೋದ. ಬಾಗಿಲ ಹತ್ತಿರ ಸಾಲ್ ಒಡಾರ್ತೇಯನ್ನು ತಬ್ಬಿಕೊಂಡು ಬಿಡಲೇ ಇಲ್ಲ, ನಾನೇ ಬಿಡಿಸಿದೆ. ಒಡಾರ್ತೇ ನನ್ನ ಮುಂದೆ ಬಗ್ಗಿದ. "ಊರಲ್ಲಿ ಚೆನ್ನಾಗಿ ಊಟ ಮಾಡು. ಅಮ್ಮನ ಮಂಡಿಗೆ ಎಣ್ಣೆ ತಿಕ್ಕು" ಅಂದೆ. ಹೋದ. ಸಾಲಿನಲ್ಲಿ ನಿಂತ, ಬೆಲ್ಟು ಬಿಚ್ಚಿದ, ಬೂಟು ಬಿಚ್ಚಿದ, ಎಲ್ಲರ ಹಾಗೆ. ಮುಂದಿದ್ದವನು ಇವನ ಕಾಲು ತುಳಿದು ತಿರುಗಿ ಕೂಡ ನೋಡಲಿಲ್ಲ. ಇಷ್ಟು ವರ್ಷ ಇಲ್ಲಿದ್ದ ಹುಡುಗ, ಹೀಗೆ ಬರಿಗಾಲಲ್ಲಿ, ಯಾರಿಗೂ ತಿಳಿಯದ ಹಾಗೆ ಹೋಗಿಬಿಡೋದಾ ಅನ್ನಿಸಿತು.

ಕೂಗಿದೆ. ಬುಕೋಮಿನಲ್ಲಿ ಗೆದ್ದವನನ್ನು ಹೆಂಗಸರು ಹೇಗೆ ಕೂಗಿ ಕರೆಯುತ್ತಾರೋ ಹಾಗೆ, ತಾಯಿ ಹೆಸರು, ಬೀದಿ ಹೆಸರು, ಮನೆತನದ ಹೆಸರು ಸೇರಿಸಿ, ಹೊಟ್ಟೆಯಿಂದ. "ಒಡಾರ್ತೇ! ದೇದೇಯ ಮಗ ಒಡಾರ್ತೇ! ಬುಕೋಮಿನ ಒಡಾರ್ತೇ!" ಅಷ್ಟು ದೊಡ್ಡ ಕಟ್ಟಡ ಒಂದು ಗಳಿಗೆ ನಿಂತೇಹೋಯಿತು. ಪೊಲೀಸರು, ಮಕ್ಕಳು, ಪೆಟ್ಟಿಗೆ ಎಳೆಯೋರು, ಕಾಫಿ ಮಾರೋಳು, ಎಲ್ಲರೂ ತಿರುಗಿ ಅವನನ್ನೇ ನೋಡಿದರು. ಹುಡುಗ ಕೈಯಲ್ಲಿ ಬೂಟು ಹಿಡಿದುಕೊಂಡೇ ಎರಡೂ ಕೈ ಮೇಲೆತ್ತಿ, ಒಂದು ಸುತ್ತು ಸುತ್ತಿ, ಒಳಗೆ ಹೋದ.

ಪಕ್ಕದಲ್ಲಿದ್ದ ಬಿಳಿ ಕೂದಲಿನ ಅಜ್ಜಿಯೊಬ್ಬಳು ನನ್ನ ತೋಳು ಮುಟ್ಟಿ, "ಯಾರಮ್ಮ ಅವನು? ದೊಡ್ಡ ಮನುಷ್ಯನಾ?" ಅಂದಳು.

"ಬಾಕ್ಸರ್. ಈ ಊರಲ್ಲಿ ಇವನನ್ನ ಮುಟ್ಟೋರು ಇರಲಿಲ್ಲ."

"ಛೇ, ನಾನು ನೋಡಲೇ ಇಲ್ಲವಲ್ಲ" ಅಂದಳು. ನಿಜವಾಗಿಯೂ ಬೇಜಾರಾಗಿತ್ತು ಅವಳಿಗೆ.

"ಆಗಸ್ಟಿನಲ್ಲಿ ಬುಕೋಮಿಗೆ ಬನ್ನಿ, ಹೊಸ ಜೋಳದ ಹಬ್ಬಕ್ಕೆ ಅಲ್ಲಿ ಆಡ್ತಾನೆ. ನಾನೂ ಅಲ್ಲೇ ಇರ್ತೀನಿ, ನಿಮಗೆ ಮುಂದಿನ ಸಾಲಲ್ಲಿ ಜಾಗ ಹಿಡಿದಿಡ್ತೀನಿ" ಅಂದೆ.

ಅದನ್ನು ಯಾಕೆ ಅಂದೆನೋ ಗೊತ್ತಿಲ್ಲ. ಅಂದ ಮೇಲೆ ಹೋಗಬೇಕಲ್ಲ. ಸೋಮವಾರ ಆಕ್ರಾಗೆ ಟಿಕೆಟ್ ವಿಚಾರಿಸಬೇಕು.